ಬಮ್ಮಿಗಟ್ಟಿಯ ಕೆರೆಯಂಗಳದಲ್ಲಿ

ಬಮ್ಮಿಗಟ್ಟಿ, ೧೯೭೩ರ ಬೇಸಿಗೆ. ಬಸ್ಸು ಕೆಟ್ಟಿದ್ದರಿಂದ ಬತ್ತಿದ ಕೆರೆಯಂಗಳಕ್ಕೆ ಇಳಿದೆ. ಹಿಂದಿನ ಕಾಲದ ಮಳೆ, ಬರಗಳನ್ನು ಕೆರೆಯ ಹೂಳಿನಲ್ಲಿ ಹುಡುಕುವ ಪ್ರೊಫೆಸರೊಬ್ಬರು, ಆಳಕ್ಕೆ ಇಳಿಸಿದ್ದ ಕಬ್ಬಿಣದ ಕೊಳವೆಯನ್ನು ಮೇಲೆತ್ತಲಾಗದೆ ಬೆವರುತ್ತಿದ್ದರು. ಮಣ್ಣಿಗೆ ಬಂದಿದ್ದ ಕುಂಬಾರ ಮುದುಕಿಯೊಬ್ಬಳು, "ಜಗ್ಗಬ್ಯಾಡ್ರಿ, ತಿರುವ್ರಿ," ಎಂದಳು. ತಿರುವಿದಾಗ ಅದು ಸಲೀಸಾಗಿ ಬಂತು.

ಹೂಳನ್ನು ಕೊಳವೆಯಿಂದ ಗೋಣಿತಟ್ಟಿನ ಮೇಲೆ ಉದ್ದಕ್ಕೆ ದೂಡಿದರು. ಕಪ್ಪು ಮಣ್ಣಿನ ನಡುವೆ ಬೆರಳಗಲದ ಬಿಳಿಚು ಪದರ ಕಂಡಿತು. ಮುದುಕಿ ಅದರ ಚೂರು ಉಜ್ಜಿ ನೋಡಿದಳು.

"ಕೆರಿ ಬತ್ತಿದಾಗಿನ ಮಣ್ಣ್ರಿ ಇದು. ಗಡಿಗಿಗೆ ಬರೂದಿಲ್ಲ."

"ನನಗೂ ಹಂಗ ಅನಸ್ತದ್ರಿ," ಎಂದರು ಪ್ರೊಫೆಸರು. "ನಿಮ್ಮ ಮುತ್ತಜ್ಜಿಗಿಂತ ಭಾಳ ಹಿಂದಿನ ಬರ ಇರಬೇಕು."

ಅವಳು ಬಿಳಿ ಪದರದ ಮೇಲಿದ್ದ ಕಪ್ಪು ಮಣ್ಣಿಗೆ ಬೆರಳು ಮುಟ್ಟಿಸಿದಳು. "ಆಮ್ಯಾಲ ಕೆರಿ ಮತ್ತ ತುಂಬೇತಲ್ರಿ."

ಪ್ರೊಫೆಸರು ನೋಟುಬುಕ್ಕು ತೆಗೆದು, "ಅವ್ವಾ, ನಿಮ್ಮ ಹೆಸರೇನ್ರಿ?" ಎಂದು ಕೇಳಿದರು.