ದೊಡ್ಡಮ್ಮನೊಳಗಿನ ನೆಂಟರು

ದೋಸೆಗೆ ಅಕ್ಕಿ ತೊಳೆದು ನೆನೆಹಾಕುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಅಷ್ಟರ ಮಟ್ಟಿಗೆ ಹೆಂಡತಿಗೆ ನನ್ನ ಮೇಲೆ ನಂಬಿಕೆಯಿದೆ. ಇವತ್ತು ಒದ್ದೆ ಅಕ್ಕಿಯ ವಾಸನೆ ಮೂಗಿಗೆ ಬಡಿದದ್ದೇ ಹೊಸನಗರದ ದೊಡ್ಡಮ್ಮ ನೆನಪಾದಳು.

ದೊಡ್ಡಮ್ಮ ಹಸಿ ಅಕ್ಕಿ ತಿನ್ನುತ್ತಿದ್ದಳು. ಒಂದೆರಡು ಕಾಳಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ದಿನವಿಡೀ. ಹಸಿ ಅಕ್ಕಿ ತಿಂದವರ ಮದುವೆಗೆ ಮಳೆ ಬರುತ್ತದೆ ಎನ್ನುತ್ತಾರಲ್ಲ, ನಾವೆಲ್ಲ "ಇನ್ನೊಂದು ಮದ್ವೆ ಆಗೋದಾದ್ರೆ ಹೇಳು ದೊಡ್ಡಮ್ಮ, ಛತ್ರಿ ತರ್ತೀವಿ" ಎಂದು ಕಾಡಿಸುತ್ತಿದ್ದೆವು. ಅವಳೂ ನಗುತ್ತಿದ್ದಳು. ನಕ್ಕಾಗ ಒಸಡು ಬಿಳಿಚಿಕೊಂಡಿರುವುದು ಕಾಣಬೇಕಿತ್ತು, ನಾವು ನೋಡಲಿಲ್ಲ.

ಮೈಯಲ್ಲಿ ರಕ್ತ ಕಡಿಮೆ ಎಂದಷ್ಟೇ ಗೊತ್ತಿತ್ತು. ಅದಕ್ಕೆ ಕಬ್ಬಿಣಾಂಶದ ಮಾತ್ರೆ, ಬಸಳೆ, ಬೀಟ್‌ರೂಟ್. ಮಲ ಕಪ್ಪಗೆ ಹೋಗುತ್ತಿದ್ದುದು ಮಾತ್ರೆಯಿಂದಲೇ ಎಂದು ಅವಳೇ ತೀರ್ಮಾನಿಸಿ ಯಾರಿಗೂ ಹೇಳಲಿಲ್ಲ. ನೀವಾದರೂ ಹೇಳುತ್ತಿದ್ದಿರಾ? ಕೊನೆಗೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಲ್ಲೇ ಕುಸಿದಳು.

ಶಿವಮೊಗ್ಗಕ್ಕೆ ಒಯ್ದೆವು. "ಇಷ್ಟು ಕಡಿಮೆ ರಕ್ತದಲ್ಲಿ ಹೃದಯ ತಡೆಯೋದಿಲ್ಲ. ಮೊದಲು ರಕ್ತ ಕೊಡಬೇಕು" ಎಂದರು ಡಾಕ್ಟರು. ನಾನು ದೊಡ್ಡ ಶೂರನಂತೆ ಅಂಗಿಯ ತೋಳು ಏರಿಸಿ ನಿಂತೆ. ಇನ್ಸುಲಿನ್ ಚುಚ್ಚಿಕೊಳ್ಳುವವನೆಂದು ವಾಪಸು ಕಳಿಸಿದರು. ದೊಡ್ಡಮ್ಮನಿಗೆ ಏರಿಸಿದ್ದೆಲ್ಲ ಯಾರ್ಯಾರದೋ ರಕ್ತ.

ಆಮೇಲೆ ಬಾಯಿಯ ಮೂಲಕ ಕ್ಯಾಮೆರಾ ಇಳಿಸಿದಾಗ ಕಳ್ಳ ಸಿಕ್ಕಿಬಿದ್ದ. ಜಠರದ ಕೆಳತುದಿಯಲ್ಲಿ ರಕ್ತನಾಳಗಳು ಉಬ್ಬಿ, ಕಲ್ಲಂಗಡಿ ಸಿಪ್ಪೆಯ ಪಟ್ಟೆಗಳ ಹಾಗೆ ಕೆಂಪು ಗೆರೆಗಳೆದ್ದಿದ್ದವು. ವರ್ಷಗಟ್ಟಲೆ ಅಲ್ಲಿಂದ ರಕ್ತ ಚೂರುಚೂರೇ ಜಿನುಗುತ್ತಿತ್ತಂತೆ. ಅಕ್ಕಿಯ ಚಪಲವೂ ಆ ರಕ್ತದ ಕೊರತೆಯದೇ ಕೈವಾಡವಂತೆ.

"ತೂತು ಕೊಡಕ್ಕೆ ನೀರು ಹೊಯ್ತಿದ್ವಲ್ಲ ಮಾರಾಯ!" ಎಂದಳು ದೊಡ್ಡಮ್ಮ.

ಆ ನಾಳಗಳನ್ನು ಹಲವು ಸಲ ಒಳಗೇ ಸುಟ್ಟು ಮುಚ್ಚಿದರು. ದೊಡ್ಡಮ್ಮ ಉಳಿದಳು. ಡಾಕ್ಟರಿಗೇನೋ ಎದುರಿಗೇ ನಿಂತು ಕೃತಜ್ಞತೆ ಹೇಳಿದೆ. ರಕ್ತ ಕೊಟ್ಟವರನ್ನು ಎಲ್ಲಿ ಹುಡುಕಲಿ?

ಮೊನ್ನೆ ತಪಾಸಣೆ ಮುಗಿಸಿ ಸಾಗರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ದೊಡ್ಡಮ್ಮ ಕೆಮ್ಮಿದಾಗ ಪಕ್ಕದ ಹೆಂಗಸು ತನ್ನ ನೀರಿನ ಬಾಟಲಿ ಚಾಚಿದಳು. ನಮ್ಮ ದೊಡ್ಡಮ್ಮನೋ, ಎದುರಿನವರ ಊರು, ಮನೆತನ, ಜಾತಿ ತಿಳಿಯದೆ ಒಂದು ಲೋಟ ನೀರು ಮುಟ್ಟಿದವಳಲ್ಲ. ಈಗೇನು ಕೇಳಿಬಿಡುತ್ತಾಳೋ ಎಂದು ನನಗೆ ಒಳಗೊಳಗೇ ಮುಜುಗರ. ದೊಡ್ಡಮ್ಮ ಮಾತ್ರ ಗಟಗಟ ಕುಡಿದು ಬಾಟಲಿ ಹಿಂತಿರುಗಿಸಿದಳು.

"ಯಾರು, ಎಂಥ ಅಂತ ಕೇಳ್ಲೇ ಇಲ್ವಲ್ಲ ದೊಡ್ಡಮ್ಮ?" ಎಂದೆ ಮೆಲ್ಲಗೆ.

"ಎಂಥ ಕೇಳೋದೋ? ನನ್ನೊಳಗೆ ಓಡ್ತಿರೋದು ಯಾರ ರಕ್ತ ಅಂತ ನಂಗೆ ಗೊತ್ತುಂಟಾ? ಇವಳದ್ದೇ ಇರಬಹುದು."

ನಾನು ಆ ಹೆಂಗಸಿಗೆ ಕೈ ಮುಗಿದೆ. ಅವಳು ಗಾಬರಿಯಾಗಿ, "ಅಯ್ಯೋ, ಒಂದು ಗುಟುಕು ನೀರಿಗೆ ಎಂಥಕ್ಕೆ ಕೈ ಮುಗೀತೀರಿ?" ಎಂದಳು.