‘ಕಿಲ್’ಗೆ ಒಂದು ಒಳ್ಳೆ ಹೆಸರು

ಕೇಳ್ರಪ್ಪ ಗೆಳೆಯರೇ, ಚನ್ನಗಿರಿಯ ನಮ್ಮ ಅಡಿಕೆ ಮಂಡಿಯಲ್ಲಿ ಇವತ್ತು ಕಂಪ್ಯೂಟರಿಗೂ ಶಕುನ ಅಂಟಿಕೊಂಡಿತು. ಊರವರೆಲ್ಲ ಬಂದು ಇಣುಕಿ ಹೋಗುವ ಹೊಸ ಯುನಿಕ್ಸ್ ಮೆಷಿನ್ನು ಅದು; ಅದನ್ನು ನಡೆಸುವ ಕೆಲಸ ನನ್ನದು. ಒಂದು ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿತ್ತು. ಅದನ್ನು ನಿಲ್ಲಿಸಲು ನಾನು ‘ಕಿಲ್’ ಎಂದು ಟೈಪ್ ಮಾಡುವುದನ್ನು ಸಾವುಕಾರರು ಬೆನ್ನ ಹಿಂದೆ ನಿಂತು ನೋಡಿಬಿಟ್ಟರು.

“ಹಂಗಂದ್ರೆ ಏನಪ್ಪ?”

“ಕೊಲ್ಲು ಅಂತ, ಸಾವ್ಕಾರ್ರೆ.”

“ಥೂ! ಸೋಮವಾರ, ಗಲ್ಲಾಪೆಟ್ಟಿಗೆ ಮುಂದೆ ಕೊಲ್ಲೋ ಮಾತಾ? ಒಂದು ಒಳ್ಳೆ ಹೆಸರು ಇಡಾಕೆ ಬರಲ್ವಾ?”

ಸಂಜೆ ಬಾಗಿಲು ಹಾಕಿಸುವಾಗಲೂ ‘ಹಾಕ್ರಿ’ ಎನ್ನದೆ “ಮುಂದಕ್ಕೆ ಮಾಡ್ರಿ” ಎನ್ನುವ ಮನುಷ್ಯ ಅವರು.

ಒಳ್ಳೆ ಹೆಸರು ಇಡಲು ಬರುತ್ತದೆ. ಕಂಪ್ಯೂಟರಿಗೆ ಕೊಡುವ ಆದೇಶಕ್ಕೆ ನಮಗೆ ಬೇಕಾದ ಇನ್ನೊಂದು ಹೆಸರು ಕಟ್ಟಿದರೆ ಅದಕ್ಕೆ ಅಲಿಯಾಸ್ ಎನ್ನುತ್ತಾರೆ. ಹೆಸರಷ್ಟೇ ಬೇರೆ, ಒಳಗೆ ನಡೆಯುವುದು ಅದೇ ಕೆಲಸ. ಅರ್ಧ ದಿನ ಕೂತು ಎಲ್ಲ ಆದೇಶಗಳಿಗೂ ಕನ್ನಡದ ಹೆಸರು ಕಟ್ಟಿದೆ. ‘ಕಿಲ್’ ಹೋಗಿ ‘ಹೋಗಿಬಾ’ ಆಯಿತು. ಸಾವುಕಾರರ ಅಳಿಯ ಅದನ್ನೇ ಟೈಪ್ ಮಾಡಿ ನೋಡಿದ. ಸಿಕ್ಕಿಹಾಕಿಕೊಂಡಿದ್ದ ಪ್ರೋಗ್ರಾಂ ತೆಪ್ಪಗೆ ಸತ್ತಿತು.

“ಭಾಳ ಸಲೀಸು ಐತೆ ಬಿಡ್ರಿ ಮಾವ. ಇನ್ಮೇಲೆ ನಾನೇ ಮಾಡ್ತೀನಿ” ಎಂದ.

ಸಾವುಕಾರರು ನನ್ನ ಕೈಗೆ ಎಲೆ ಅಡಿಕೆ ಇಟ್ಟು ಬೆನ್ನು ತಟ್ಟಿದರು. “ಹೋಗಿ ಬಾರಪ್ಪ, ಒಳ್ಳೇದಾಗ್ಲಿ.”

“ನಾಳೆ ಎಷ್ಟೊತ್ತಿಗೆ ಬರ್ಲಿ ಸಾವ್ಕಾರ್ರೆ?”

“ನಾಳೆಯಿಂದ ಬರೋದು ಬ್ಯಾಡ. ಅಳಿಯ ಅದಾನಲ್ಲ.”

ಮೆಷಿನ್ನಿಗೆ ಅಲಿಯಾಸ್ ಕಟ್ಟಲು ನನಗೆ ಅರ್ಧ ದಿನ ಹಿಡಿಯಿತು. ಸಾವುಕಾರರ ನಾಲಿಗೆಗೆ ಅದು ಹುಟ್ಟಿನಿಂದಲೇ ಬಂದಿತ್ತು.