ಬೆನ್ನ ಹಿಂದಿನ ಜೊತೆಗಾತಿ

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ನೆಟ್ಟಿನ ಹತ್ತಿರ ನಿಲ್ಲುವವರ ಹಣೆಬರಹವೇ ಒಂದು ಬಗೆಯದು. ಜೊತೆಗಾರರ ಆಟವನ್ನು ಲೋಕವೆಲ್ಲ ನೋಡುತ್ತದೆ, ಇವರೊಬ್ಬರನ್ನು ಬಿಟ್ಟು. ಗಿಡ್ಡಿಯ ಜೊತೆಗಾತಿಗೆ ಏಣಿ ಎಂದು ಅಡ್ಡಹೆಸರು; ಅವಳು ಹಿಂದೆ ಹಾರಿ ಸ್ಮ್ಯಾಶ್ ಹೊಡೆಯುವಾಗ ಮುಖ ಹೇಗಾಗುತ್ತದೆ ಎಂದು ಕೇಳಿದರೆ ಗಿಡ್ಡಿಗೆ ತಿಳಿಯದು. ವಿಡಿಯೊದಲ್ಲಿ ನೋಡಿದ್ದಳು ನಿಜ, ಆದರೆ ಅದು ಊಟದ ಫೋಟೊ ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗೆ. ಅವಳಿಗೆ ಗೊತ್ತಿದ್ದದ್ದೆಲ್ಲ ಸದ್ದು. ಏಣಿಯ ಬಲಗಾಲಿನ ಶೂ ಎಡಗಾಲಿನದಕ್ಕಿಂತ ಹೆಚ್ಚು ಕಿರುಗುಟ್ಟುತ್ತದೆ. ಸುಸ್ತಾದಾಗ ಹೊಡೆಯುವ ಮುಂಚೆ ಮೂಗಿನಲ್ಲಿ ಒಂದು ಉಸಿರು ಜಾಸ್ತಿ ಎಳೆಯುತ್ತಾಳೆ. ಗಂಡನ ಗೊರಕೆಯಲ್ಲೇ ಅವನ ಆರೋಗ್ಯ ಹೇಳುವ ಹೆಂಡತಿಯರಿರುತ್ತಾರಲ್ಲ, ಹಾಗೆ.

ಇಬ್ಬರಿಗೂ ಈ ಹೆಸರಿಟ್ಟವರು ಮೇಷ್ಟ್ರು. ಹಗಲು ಅಂಚೆ ಕಚೇರಿಯಲ್ಲಿ ಕಾಗದಕ್ಕೆ ಮುದ್ರೆ ಒತ್ತಿ, ಸಂಜೆ ಮಕ್ಕಳಿಗೆ ಆಟ ಕಲಿಸುತ್ತಿದ್ದ ಮನುಷ್ಯ. ಎರಡೇ ಕೋರ್ಟಿನ ಹಾಲ್. ಗಾಳಿಗೆ ಶಟಲ್ ಅಲುಗಾಡಬಾರದೆಂದು ಕಿಟಕಿಗಳಿಗೆಲ್ಲ ರಟ್ಟು ಬಡಿದಿದ್ದರು, ಒಳಗೆ ಬೇಯುತ್ತಿತ್ತು. ಹದಿಮೂರು ವರ್ಷದ ಇಬ್ಬರು ಹುಡುಗಿಯರನ್ನು ಅಕ್ಕಪಕ್ಕ ನಿಲ್ಲಿಸಿ, ಒಬ್ಬಳ ತಲೆ ಇನ್ನೊಬ್ಬಳ ಭುಜಕ್ಕೂ ಬಾರದ್ದನ್ನು ನೋಡಿ ನಕ್ಕು, "ಏಣಿ ಹಿಂದೆ, ಗಿಡ್ಡಿ ಮುಂದೆ" ಎಂದರು. ಆಮೇಲೆ ಗಿಡ್ಡಿಯ ಕಿವಿ ಹಿಂಡಿ ಒಂದು ಮಾತು ಹೇಳಿದರು: "ಏನೇ ಆಗ್ಲಿ, ಹಿಂದೆ ತಿರುಗ್ಬೇಡ. ತಿರುಗಿದ್ರೆ ಮೊದ್ಲು ಶಟಲ್ ಮುಖಕ್ಕೆ ಬೀಳುತ್ತೆ, ಆಮೇಲೆ ಜೋಡಿ ಒಡೆಯುತ್ತೆ."

ಗಿಡ್ಡಿಯ ಅಪ್ಪ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಬೆಳಗಿನ ಬ್ರೆಡ್ಡು ಹಂಚಿ ಮುಗಿದ ಮೇಲೆ ಖಾಲಿ ಟ್ರೇಗಳ ನಡುವೆ ಇಬ್ಬರನ್ನೂ ಕೂರಿಸಿಕೊಂಡು ಟೂರ್ನಮೆಂಟುಗಳಿಗೆ ಕರೆದೊಯ್ಯುತ್ತಿದ್ದ. ಎದುರಾಳಿಗಳು ಘಮಘಮ ಸೆಂಟು ಹಾಕಿಕೊಂಡು ಬಂದರೆ ಇವರು ಬಿಸಿ ಬನ್ನಿನ ವಾಸನೆ ಹೊತ್ತು ಬರುತ್ತಿದ್ದರು. ಜಿಲ್ಲೆ ಗೆದ್ದರು, ದೇಶದ ತಂಡ ಸೇರಿದರು, ಇಪ್ಪತ್ತಾರು ತುಂಬುವ ಹೊತ್ತಿಗೆ ಜಗತ್ತಿನಲ್ಲಿ ನಲವತ್ತೊಂದನೆಯ ಜೋಡಿಯಾದರು. ನಲವತ್ತೊಂದು ಎಂದರೆ ಬಸ್ಸಿನಲ್ಲಿ ಯಾರೂ ಗುರುತು ಹಿಡಿಯದ ಸಂಖ್ಯೆ. ಆದರೂ ಅಪ್ಪ ಅದನ್ನು ಬ್ರೆಡ್ಡಿನ ಜೊತೆ ಅಂಗಡಿ ಅಂಗಡಿಗೆ ಹಂಚಿಬಂದ.

ಮುಂದಿನ ವರ್ಷ ಒಂದು ಮಧ್ಯಾಹ್ನ, ಅಭ್ಯಾಸದಲ್ಲಿ, ಗಿಡ್ಡಿಯ ಎಡ ಮಂಡಿಯೊಳಗೆ ಟಕ್ಕೆಂದಿತು. ಶಸ್ತ್ರಚಿಕಿತ್ಸೆ, ಒಂಬತ್ತು ತಿಂಗಳು ವಿಶ್ರಾಂತಿ ಎಂದರು ಡಾಕ್ಟರಮ್ಮ.

ಈ ಆಟದಲ್ಲಿ ಒಂದು ಪೀಕಲಾಟವಿದೆ. ಡಬಲ್ಸ್‌ನಲ್ಲಿ ರ‍್ಯಾಂಕು ಒಬ್ಬರದಲ್ಲ, ಜೋಡಿಯದು. ಒಬ್ಬಳು ಮಲಗಿದರೆ ಇನ್ನೊಬ್ಬಳ ಪಾಯಿಂಟೂ ಜೊತೆಗೇ ಕರಗುತ್ತದೆ. ಆಯ್ಕೆ ಸಮಿತಿಯವರು ಏಣಿಗೆ ಇಪ್ಪತ್ತರ ಚೂಟಿಯೊಬ್ಬಳನ್ನು ತೋರಿಸಿ, ಅವಳ ಜೊತೆ ಆಡು ಎಂದರು. ಏಣಿ ಆಸ್ಪತ್ರೆಗೆ ಬಂದು ಮಂಚದ ತುದಿಯಲ್ಲಿ ಕೂತು ವಿಷಯ ಹೇಳಿದಳು.

"ಆಡು. ನಂಗ್ಯಾಕೆ ಬೇಜಾರು?" ಎಂದಳು ಗಿಡ್ಡಿ. ಬೇಜಾರು ಬೆಟ್ಟದಷ್ಟಿತ್ತು.

ಏಣಿ ಹೋದಳು. ಹೊಸ ಹುಡುಗಿಯ ಜೊತೆ ಗೆಲ್ಲುತ್ತಲೂ ಹೋದಳು. ಎಂಟೇ ತಿಂಗಳಲ್ಲಿ ಇಪ್ಪತ್ತೈದನೆಯ ಸ್ಥಾನ. ಗಿಡ್ಡಿ ಟಿವಿ ಹಾಕುವುದು, ಎರಡು ನಿಮಿಷಕ್ಕೆ ಆರಿಸುವುದು. "ಅವಳ ಹೊಟ್ಟೆಪಾಡೂ ನಡೀಬೇಕಲ್ಲ ಮಗಳೇ" ಎಂದು ಅಪ್ಪ ಹೇಳಿದ್ದಕ್ಕೆ ಅವನ ಮೇಲೂ ಹರಿಹಾಯ್ದಳು. ಕಾಲು ಕೆಟ್ಟರೆ ಬಾಯಿಗೆ ಬಲ ಬರುತ್ತದೆ ಎಂದುಕೊಂಡು ಅಪ್ಪ ವ್ಯಾನಿನ ಕಡೆ ನಡೆದ.

ಒಂಬತ್ತನೆಯ ತಿಂಗಳಲ್ಲಿ ಅವಳು ವ್ಯಾಯಾಮದ ಕೋಣೆಯಲ್ಲಿ ಮರದ ಪೆಟ್ಟಿಗೆ ಹತ್ತಿ ಇಳಿಯುತ್ತಿದ್ದಾಗ ಏಣಿ ಬಾಗಿಲಲ್ಲಿ ಬಂದು ನಿಂತಳು.

"ಯಾವಾಗಿಂದ ಆಡೋಣ?"

"ಯಾರು?"

"ನಾನೂ ನೀನೂ, ಪೆದ್ದಿ. ಇನ್ಯಾರು?"

"ಅವ್ಳನ್ನ ಬಿಟ್ಟೆಯಾ? ತಲೆ ಕೆಟ್ಟಿದ್ಯಾ ನಿಂಗೆ?"

ಏಣಿ ಪೆಟ್ಟಿಗೆಯ ಮೇಲೆ ಕೂತಳು. "ಒಳ್ಳೆ ಹುಡುಗಿ ಕಣೇ. ಕೈ ಏನು ಚುರುಕು ಅಂತೀಯ! ಆದ್ರೆ ತಿರುಗಿ ನೋಡ್ತಾಳೆ. ನಾನು ಹೊಡೆಯೋಕೆ ಕೈ ಎತ್ತಿದ್ರೆ ಸಾಕು, ಕತ್ತು ಹಿಂದೆ. ಪ್ರತಿ ಸಲ. ಅವಳ ಅನುಮಾನ ನೋಡಿ ನೋಡಿ ನಂಗೇ ನನ್ನ ಮೇಲೆ ಅನುಮಾನ ಬಂದ್ಬಿಟ್ಟಿದೆ."

ಗಿಡ್ಡಿ ಅತ್ತಳು. ಸಂತೋಷಕ್ಕೂ ಹೌದು, ಹೆದರಿಕೆಗೂ ಹೌದು. ಇಪ್ಪತ್ತೈದನೆಯ ಸ್ಥಾನ ಬಿಟ್ಟು ಬಂದವಳಿಗೆ ತಾನು ಏನು ಕೊಡಬಲ್ಲೆ?

ಆ ಹೆದರಿಕೆಯೇ ಎಲ್ಲ ಕೆಡಿಸಿತು. ಮತ್ತೆ ಜೊತೆಯಾಗಿ ಆಡಿದ ಮೊದಲ ಪಂದ್ಯದಲ್ಲೇ ಗಿಡ್ಡಿ ಹಿಂದೆ ತಿರುಗಿದಳು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು. ಏಣಿಯ ಹೊಡೆತದ ಮೇಲೆ ಅನುಮಾನವಿರಲಿಲ್ಲ. ಬಂದದ್ದಕ್ಕೆ ಅವಳು ಪರಿತಪಿಸುತ್ತಿದ್ದಾಳೋ ಎಂದು ಮುಖ ನೋಡಬೇಕಿತ್ತು. ಎದುರಾಳಿ ಹೊಡೆದ ಶಟಲ್ ಕೆನ್ನೆಗೆ ಬಿದ್ದು ಊದಿತು. ಸೋತರು. ಮುಂದಿನದರಲ್ಲೂ ತಿರುಗಿದಳು, ಸೋತರು. ಮೂರನೆಯದರಲ್ಲೂ ಅದೇ. ಪಾಯಿಂಟು ಕಳೆದುಕೊಂಡವರು ಅರ್ಹತಾ ಸುತ್ತಿನಿಂದಲೇ ಶುರುಮಾಡಬೇಕು. ಇವರು ಅಲ್ಲಿಂದಲೇ ಮನೆಗೆ ಬರುತ್ತಿದ್ದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಏಣಿ ಶೂ ಬಿಚ್ಚಿ ಗೋಡೆಗೆ ಎಸೆದಳು.

"ನನ್ನ ಮುಖದಲ್ಲಿ ಏನು ಹುಡುಕ್ತಿದೀಯ ನೀನು?"

ಗಿಡ್ಡಿ ಬಗ್ಗಿ ಶೂ ಎತ್ತಿ ತಂದು ಬೆಂಚಿನ ಕೆಳಗಿಟ್ಟಳು.

"ಬಾಯಿ ಬಿಡೇ!"

"ಬಂದದ್ದು ತಪ್ಪಾಯ್ತು ಅಂತ ನಿಂಗೆ ಅನ್ನಿಸ್ತಿದ್ಯೇನೋ ಅಂತ..."

"ಈಗ ಅನ್ನಿಸ್ತಿದೆ." ಏಣಿ ಬೆಂಚಿನ ಮೇಲೆ ಕುಸಿದಳು. ದನಿ ಇಳಿಸಿ ಹೇಳಿದಳು, "ನೋಡು, ನಾನೇನು ದೊಡ್ಡ ತ್ಯಾಗಮಯಿ ಅಲ್ಲ. ಈ ತಿಂಗಳ ಕೊನೆವರೆಗೆ ಸಮಿತಿಯವ್ರು ಆ ಹುಡುಗಿ ಪಕ್ಕದ ಜಾಗ ಖಾಲಿ ಇಟ್ಟಿರ್ತಾರಂತೆ. ಮುಂದಿನ ವಾರ ಇನ್ನೊಂದು ಟೂರ್ನಮೆಂಟ್ ಇದೆ. ಅರ್ಹತಾ ಸುತ್ತು ದಾಟಿದ್ರೆ ಸರಿ. ಇಲ್ಲಾಂದ್ರೆ ನಾನು ವಾಪಸ್ ಹೋಗ್ತೀನಿ. ಉಪಕಾರ ತೀರಿಸೋ ಹಾಗೆ ಆಡ್ಬೇಡ ಮಾರಾಯ್ತಿ, ಆಟ ಆಡು."

ವಿಚಿತ್ರವೆಂದರೆ, ಆ ರಾತ್ರಿ ಗಿಡ್ಡಿಗೆ ತಿಂಗಳುಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಏಣಿಯ ಮುಖದಲ್ಲಿ ಹುಡುಕುತ್ತಿದ್ದದ್ದನ್ನು ಏಣಿಯೇ ಬಾಯಿಬಿಟ್ಟು ಹೇಳಿಯಾಗಿತ್ತು. ಇನ್ನು ತಿರುಗಿ ನೋಡುವಂಥದ್ದು ಏನೂ ಉಳಿದಿರಲಿಲ್ಲ.

ಅರ್ಹತಾ ಸುತ್ತಿನ ಕೊನೆಯ ಪಂದ್ಯ ನಡೆದದ್ದು ಐದನೆಯ ಕೋರ್ಟಿನಲ್ಲಿ, ಕ್ಯಾಂಟೀನಿನ ಬಾಗಿಲ ಪಕ್ಕ. ಲೋಟ ತೊಳೆಯುವ ಸದ್ದು ಒಳಗೆ ಕೇಳುತ್ತಿತ್ತು. ಪ್ರೇಕ್ಷಕರೆಂದರೆ ಹದಿನೈದು ಜನ. ಅವರಲ್ಲಿ ಬೇಕರಿಯ ಅಂಗಿ ತೊಟ್ಟ ಅಪ್ಪ, ನಿವೃತ್ತರಾಗಿದ್ದ ಮೇಷ್ಟ್ರು. ತಲಾ ಒಂದು ಗೇಮು ಗೆದ್ದು ಮೂರನೆಯದು ಇಪ್ಪತ್ತು–ಹತ್ತೊಂಬತ್ತಕ್ಕೆ ಬಂತು. ಇವರಿಗೆ ಇನ್ನು ಒಂದೇ ಪಾಯಿಂಟು ಬೇಕು.

ಸರ್ವ್ ಆಯಿತು. ಶಟಲ್ ಎರಡು ಸಲ ಅತ್ತ ಇತ್ತ ಓಡಿತು. ಆಗ ಬೆನ್ನ ಹಿಂದೆ ಬಲಗಾಲಿನ ಶೂ ಕಿರ‍್ರೆಂದು ಜಾರಿ, ದೊಪ್ಪನೆ ದೇಹ ನೆಲಕ್ಕೆ ಬಿದ್ದ ಸದ್ದು ಗಿಡ್ಡಿಗೆ ಕೇಳಿಸಿತು. ಗ್ಯಾಲರಿಯಲ್ಲಿ ಅಪ್ಪ "ಅಯ್ಯೋ" ಎಂದ.

ಕತ್ತು ತಿರುಗಲು ಹೊರಟಿತ್ತು. ಅವಳು ತಿರುಗಿಸಲಿಲ್ಲ. ಬಂದ ಶಟಲನ್ನು ನೆಟ್ಟಿನ ಅಂಚಿಗೆ ಅಂಟಿಸಿದಂತೆ ಆಚೆ ಇಳಿಸಿದಳು. ಎದುರಾಳಿಗಳು ಅದನ್ನು ಮೇಲಕ್ಕೆ ಎತ್ತಲಾರದೆ ಹಾಗೆಯೇ ವಾಪಸು ಹಾಕಿದರು. ಇವಳು ಮತ್ತೆ ಇಳಿಸಿದಳು. ಏಳು, ಏಳೇ ಏಣಿ, ಏಳು ಎಂದು ಮನಸ್ಸು ಬೇಡುತ್ತಿತ್ತು. ಎದುರಿನವಳು ಕೊನೆಗೂ ಬಗ್ಗಿ ಶಟಲನ್ನು ಗಿಡ್ಡಿಯ ತಲೆಯ ಮೇಲಿಂದ ಬಲು ಎತ್ತರಕ್ಕೆ, ಹಿಂದಿನ ಗೆರೆಗೆ ಅಟ್ಟಿದಳು. ಅದು ಮೇಲೇರಿ ಕೆಳಗಿಳಿಯಲು ಎರಡು ಸೆಕೆಂಡಾದರೂ ಬೇಕು. ಓಡಿಹೋಗಿ ತಾನೇ ಹೊಡೆಯಬೇಕೋ, ಬಿಡಬೇಕೋ? ಏಣಿ ಎದ್ದಿದ್ದಾಳೋ ಇಲ್ಲವೋ? ಕಿವಿಯೊಂದೇ ದಿಕ್ಕು.

"ನಂದು!"

ಗಿಡ್ಡಿ ಇದ್ದಲ್ಲೇ ಬಗ್ಗಿದಳು. ಮೂಗಿನ ಆ ಹೆಚ್ಚಿನ ಉಸಿರು ಕೇಳಿಸಿತು. ಎದುರಿನ ಇಬ್ಬರೂ ಸ್ಮ್ಯಾಶ್ ಬರುತ್ತದೆಂದು ಹಿಂದೆ ಸರಿದು ನಿಂತಿದ್ದರು. ಆದರೆ ಒಂಟಿಗಾಲಿನಲ್ಲಿ ಹಾರುವುದೆಲ್ಲಿಂದ ಬಂತು? ಏಣಿ ಸುಮ್ಮನೆ ಮುಟ್ಟಿ ಬಿಟ್ಟಳು. ಶಟಲ್ ನೆಟ್ಟು ದಾಟಿ, ಯಾರ ಕೈಗೂ ಸಿಗದೆ, ಮುಂದೆಯೇ ಬಿದ್ದಿತು.

ಮುಂದೆ ಇಬ್ಬರೂ ಜೊತೆಯಾಗಿ ಆರು ವರ್ಷ ಆಡಿದರು. ಹತ್ತೊಂಬತ್ತನೆಯ ಸ್ಥಾನದವರೆಗೆ ಏರಿದರು. ದೊಡ್ಡ ಪದಕ ಯಾವುದೂ ಬರಲಿಲ್ಲ. ಆ ಹೊಸ ಹುಡುಗಿ ಇನ್ನೊಬ್ಬಳ ಜೊತೆ ಸೇರಿ ಎರಡು ಪದಕ ತಂದಳು, ತರಲಿ. ತನ್ನ ಪಾಲಿಗೆ ಬಂದದ್ದಕ್ಕೆ ಗಿಡ್ಡಿಗೆ ಇವತ್ತಿಗೂ ಕೃತಜ್ಞತೆಯೇ: ಬ್ರೆಡ್ಡಿನ ಟ್ರೇಗಳ ನಡುವೆ ಜಾಗ ಮಾಡಿದ ಅಪ್ಪನಿಗೆ, ಕಿವಿ ಹಿಂಡಿದ ಮೇಷ್ಟ್ರಿಗೆ, ಮಂಡಿ ಹೊಲಿದ ಡಾಕ್ಟರಮ್ಮನಿಗೆ. ಆದರೆ ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಅವಳ ಮಾತು ಬಂದು ನಿಲ್ಲುವುದು ಆ ಐದನೆಯ ಕೋರ್ಟಿನಲ್ಲೇ.

ಗೆದ್ದ ಮೇಲೂ ಅವಳು ತಿರುಗಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ. ನೆಟ್ಟು ಹಿಡಿದು ನಿಂತೇ ಇದ್ದಳು. ಹಿಂದಿನಿಂದ ಏಣಿ ಕುಂಟುತ್ತಾ ಬಂದಳು.

"ನಾನು ಬಿದ್ದದ್ದು ಗೊತ್ತಾಯ್ತಾ?"

"ಗೊತ್ತಾಯ್ತು."

"ಆದ್ರೂ ತಿರುಗ್ಲಿಲ್ಲ?"

"ತಿರುಗಿದ್ರೆ ನಿನ್ನನ್ನ ಎತ್ತೋಕೆ ಬರ್ತಿದ್ದೆ. ಶಟಲ್ ಯಾರು ಎತ್ತೋರು?" ಗಿಡ್ಡಿ ಮೂಗೊರೆಸಿಕೊಂಡಳು. "ನೀನು ವಾಪಸ್ ಬಂದೆಯಲ್ಲ ಕಣೇ. ಸೋತಿದ್ರೂ ನಾನು ಅದನ್ನ ಮರೀತಿರ್ಲಿಲ್ಲ."

"ಸರಿ ಸರಿ, ನಡಿ. ಕೈ ಕುಲುಕೋಕೆ ಅವ್ರು ಕಾಯ್ತಿದಾರೆ."

ಏಣಿಗೆ ಬಲಗಾಲು ಊರಲು ಆಗುತ್ತಿರಲಿಲ್ಲ. ಗಿಡ್ಡಿಯ ಹೆಗಲಿಗೆ ಕೈಹಾಕಿ, ಸ್ವಲ್ಪವೂ ಸಂಕೋಚವಿಲ್ಲದೆ ಮೈಭಾರವನ್ನೆಲ್ಲ ಅವಳ ಮೇಲೆ ಬಿಟ್ಟಳು. ಗಿಡ್ಡಿ ವಾಲಿದಳು. ಹೊಲಿದ ಮಂಡಿ ನಡುಗಿತು, ಆಮೇಲೆ ತಡೆದುಕೊಂಡಿತು.

"ಭಾರ ಆಯ್ತೇನೇ?"

"ಆಯ್ತು. ಹಾಗೇ ಇರು."